ಕಸಿಯಣ್ಣನ ನರ್ಸರಿ: ಇಪ್ಪತ್ತು ಕಡ್ಡಿ, ಹನ್ನೆರಡು ಗಿಡ

ಮೊದಲೇ ಹೇಳಿಬಿಡುತ್ತೇನೆ, ಈ ನರ್ಸರಿಯ ಹೆಸರನ್ನಾಗಲಿ ಫೋನ್ ನಂಬರನ್ನಾಗಲಿ ನಾನು ಇಲ್ಲಿ ಹಾಕುತ್ತಿಲ್ಲ. ಅವರೇ ಬೇಡವೆಂದರು. "ಈಗ ಬರುವವರಿಗೇ ಗಿಡ ಕೊಟ್ಟು ಪೂರೈಸುವುದಿಲ್ಲ ಟೀಚರ್, ನೀವು ಬರೆದರೆ ಬೆಂಗಳೂರಿನಿಂದಲೂ ಫೋನ್ ಬರಬಹುದು" ಎಂದರು. ಮೂಲ್ಕಿಯಿಂದ ಕಿನ್ನಿಗೋಳಿ ಕಡೆ ಹೋಗುವವರು ದಾರಿಯ ಯಾವ ಗೂಡಂಗಡಿಯಲ್ಲಾದರೂ ಹಲಸಿನ ಕಸಿ ಕಟ್ಟುವವರು ಯಾರೆಂದು ಕೇಳಿದರೆ ಸಾಕು, ಕೈ ತೋರಿಸುತ್ತಾರೆ. ನಮ್ಮ ಕಡೆ ಅವರಿಗೆ ಕಸಿಯಣ್ಣ ಎಂದೇ ಹೆಸರು. ಬೋರ್ಡ್ ಇಲ್ಲ. ತೆಂಗಿನ ಮರಗಳ ನಡುವೆ ಹಸಿರು ನೆರಳುಬಲೆ ಕಟ್ಟಿದ ಅರ್ಧ ಎಕರೆ ಜಾಗ, ಒಂದು ಬಾವಿ, ಗೋಣಿಚೀಲದ ಮೇಲೆ ಕೂತು ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು ತುಂಬುವ ಇಬ್ಬರು ಹೆಂಗಸರು. ಅಷ್ಟೇ.

ಅಲ್ಲಿ ಎರಡು ಕೆಲಸ ನಡೆಯುತ್ತದೆ. ಒಂದು, ಕಟ್ಟಿ ಸಿದ್ಧವಾದ ಕಸಿ ಗಿಡ ಮಾರುವುದು: ಮಾವು, ಹಲಸು, ಗೇರು, ಜಾಯಿಕಾಯಿ, ಕರಿಮೆಣಸು. ಇನ್ನೊಂದು, ನಮ್ಮ ಮನೆಯ ಮರದಿಂದಲೇ ಕಡ್ಡಿ ತೆಗೆದು ನಮಗಾಗಿ ಕಸಿ ಕಟ್ಟಿಕೊಡುವುದು. ನಾನು ಹೆಚ್ಚಾಗಿ ಬರೆಯಬೇಕೆಂದಿರುವುದು ಈ ಎರಡನೆಯದರ ಬಗ್ಗೆ. ಇದನ್ನು ಮಾಡಿಕೊಡುವವರು ಕಡಿಮೆ. ಆರು ವರ್ಷ ಆ ಕೆಲಸದ ಫಲವನ್ನು ಕಣ್ಣಾರೆ ಕಂಡ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯ ಬಚ್ಚಲಿನ ಹಿಂದೆ ಒಂದು ಚಂದ್ರಹಲಸಿನ ಮರವಿತ್ತು. ಅತ್ತೆಯ ಮಾವ ನೆಟ್ಟದ್ದಂತೆ. ಹಣ್ಣು ದೊಡ್ಡದಲ್ಲ, ಒಬ್ಬರೇ ಎತ್ತಬಹುದು. ಆದರೆ ಕೊಯ್ದರೆ ಒಳಗೆ ಕೆಂಪು ಮಿಶ್ರಿತ ಕೇಸರಿ ಬಣ್ಣದ ಸೊಳೆ, ಬಕ್ಕೆಯ ಹಾಗೆ ಗಟ್ಟಿ, ಬಾಯಿಗಿಟ್ಟರೆ ಜೇನು. ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ ಆ ಮರದ ಕೆಳಗೆ ನೆಂಟರು ತಪ್ಪುತ್ತಿರಲಿಲ್ಲ. ಅತ್ತೆ ಎಳೆಯ ಕಾಯಿಯಿಂದ ಪಲ್ಯ, ಬಲಿತದ್ದರಿಂದ ಹಪ್ಪಳ, ಉಪ್ಪಿನಲ್ಲಿ ಹಾಕಿದ ಸೊಳೆ, ಹಣ್ಣಾದದ್ದರಿಂದ ತೇಗದೆಲೆಯಲ್ಲಿ ಬೇಯಿಸಿದ ಗಟ್ಟಿ ಎಲ್ಲ ಮಾಡುತ್ತಿದ್ದರು. 2019ರ ಮೇ ತಿಂಗಳ ಹೊತ್ತಿಗೆ ಆ ಮರದ ಬುಡ ಪೂರ್ತಿ ಪೊಳ್ಳಾಗಿ ಮನೆಯ ಹಂಚಿನ ಕಡೆಗೆ ವಾಲಿತ್ತು. ಮಳೆಗಾಲಕ್ಕೆ ಮುಂಚೆ ಕಡಿಯದೆ ಗತಿಯಿರಲಿಲ್ಲ. ಅತ್ತೆಗೆ ಆಗ 84. ಏನೂ ಹೇಳಲಿಲ್ಲ. ಎರಡು ದಿನ ಸಂಜೆ ಬಚ್ಚಲ ಕಟ್ಟೆಯ ಮೇಲೆ ಸುಮ್ಮನೆ ಕೂತರು.

ಬೀಜ ಹಾಕಿದರಾಯಿತು ಎಂದುಕೊಂಡೆ ನಾನು. ಆ ವರ್ಷದ ಕೊನೆಯ ಹಣ್ಣಿನ ಬೀಜಗಳನ್ನು ತೊಳೆದು ಹಾಳೆಯಲ್ಲಿಟ್ಟುಕೊಂಡೇ ಕಸಿಯಣ್ಣನ ಬಳಿ ಹೋದೆ, ಒಳ್ಳೆಯ ತೊಟ್ಟೆ ಮಣ್ಣು ಕೇಳಲು. ಅವರು ಬೀಜ ನೋಡಿದರು, ನನ್ನನ್ನು ನೋಡಿದರು.

"ಇದರಿಂದ ಹಲಸು ಬರುತ್ತದೆ ಟೀಚರ್. ನಿಮ್ಮ ಹಲಸು ಬರುವುದಿಲ್ಲ."

ಹಲಸಿನಲ್ಲಿ ಗಂಡು ಹೂ, ಹೆಣ್ಣು ಹೂ ಒಂದೇ ಮರದಲ್ಲಿದ್ದರೂ ಪರಾಗ ಬೇರೆ ಮರದಿಂದಲೂ ಬರುತ್ತದೆ. ಹಾಗಾಗಿ ಬೀಜದ ಸಸಿ ತಾಯಿಯಂತೆಯೇ ಇರಬೇಕೆಂದಿಲ್ಲ. ಚಂದ್ರಹಲಸಿನ ಬೀಜದಿಂದ ಬಿಳಿ ಸೊಳೆಯ ಮರ ಬರಬಹುದು, ಹಣ್ಣಾದರೆ ಕೈಯಿಂದ ಜಾರುವ ತುಳುವೆ ಬರಬಹುದು. ಅದೇ ಹಣ್ಣು ಬೇಕೆಂದರೆ ಅದೇ ಮರದ ಕೊಂಬೆ ಬೇರೊಂದು ಬೇರಿನ ಮೇಲೆ ಕೂರಬೇಕು. ಇಷ್ಟನ್ನು ಅವರು ಕೈಯಲ್ಲಿನ ಮಣ್ಣು ಒರೆಸಿಕೊಳ್ಳುತ್ತ ಹೇಳಿದರು. ನನಗೆ ಆ ಮಾತು ಹಲಸಿನ ಬಗ್ಗೆ ಮಾತ್ರ ಕೇಳಿಸಲಿಲ್ಲ.

ಕಾರಣ ಹೇಳುತ್ತೇನೆ. ನಾನು ಬೆಟಗೇರಿಯವಳು. ಗದಗಿನ ಪಕ್ಕದ ನೇಕಾರರ ಊರು. ನಮ್ಮ ಅಜ್ಜನ ಅಜ್ಜ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರಿಂದ ದೀಕ್ಷಾಸ್ನಾನ ಪಡೆದವರು ಎಂದು ಮನೆಯಲ್ಲಿ ಹೇಳುವ ಮಾತು. ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, ಬೆಟಗೇರಿಗೆ 1841ರಲ್ಲಿ, ಮೂಲ್ಕಿಗೆ 1845ರಲ್ಲಿ. ಮದುವೆಯಾಗಿ ಇಲ್ಲಿಗೆ, ಮೂಲ್ಕಿ ಕಡೆಗೆ, ಬಂದ ಹೊಸದರಲ್ಲಿ ನನಗೂ ಅತ್ತೆಗೂ ಈ ನಾಲ್ಕು ವರ್ಷದ ಲೆಕ್ಕದ ಮೇಲೆ ಮಾತು ನಡೆಯುತ್ತಿತ್ತು. ಇವರ ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ನನ್ನ ಬಾಯಲ್ಲಿ "ಹೌದ್ರಿ, ಇಲ್ರಿ." ಸ್ತ್ರೀ ಸಂಘದಲ್ಲಿ ಮೊದಲ ವರ್ಷ ನಾನು ಪ್ರಾರ್ಥನೆ ಮಾಡಲು ಎದ್ದರೆ ಹಿಂದಿನ ಸಾಲಿನಲ್ಲಿ ಯಾರೋ ನಗುವುದು ಕೇಳುತ್ತಿತ್ತು. "ಘಟ್ಟದ ಹೆಣ್ಣು" ಎಂದೇ ನನ್ನ ಗುರುತು. ಆಗ ನಾನು ಒಳಗೊಳಗೇ ಹಿಡಿದುಕೊಂಡದ್ದು ಇದೇ ಬೀಜದ ಮಾತನ್ನು. ನಮ್ಮದು ಐದು ತಲೆಮಾರಿನ ಕ್ರೈಸ್ತ ಮನೆತನ, ನಾನು ಯಾರಿಗೂ ಕಡಿಮೆಯಿಲ್ಲ ಅನ್ನುವುದನ್ನು.

ಆ ಮಧ್ಯಾಹ್ನ ಬೀಜದ ಹಾಳೆ ಕೈಯಲ್ಲಿ ಹಿಡಿದು ನಿಂತಾಗ ಅದು ಬಿಚ್ಚಿತು. ವಿಶ್ವಾಸ ಬೀಜದಿಂದ ಬರುವ ಗುಣವಲ್ಲ. ಐದು ತಲೆಮಾರಾದರೂ ನನ್ನನ್ನೂ ಕಡಿದು, ಸೀಳಿ, ಕಟ್ಟಬೇಕಾಯಿತು. ಅತ್ತೆಯನ್ನೂ ಹಾಗೆಯೇ.

ಈಗ ಕೆಲಸದ ವಿಷಯ. ಅವರು ಮೊದಲು ಮನೆಗೆ ಬಂದು ಮರ ನೋಡಿದರು. ಪೊಳ್ಳು ಬುಡವನ್ನಲ್ಲ, ಮೇಲೆ ಬಿಸಿಲು ಬೀಳುವ ತುದಿಗಳನ್ನು. ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಆರಿಸಿ ಎಲೆಗಳನ್ನು ಮಾತ್ರ ಕತ್ತರಿಸಿದರು, ತೊಟ್ಟು ಹಾಗೇ ಬಿಟ್ಟರು, ಕಡ್ಡಿಯನ್ನು ಮರದಲ್ಲೇ ಬಿಟ್ಟು ಹೋದರು. ಎಂಟು ಹತ್ತು ದಿನದಲ್ಲಿ ತೊಟ್ಟು ತಾನಾಗಿ ಉದುರುತ್ತದೆ, ತುದಿಯ ಮೊಗ್ಗು ಉಬ್ಬುತ್ತದೆ. ಆಗ ಬಂದು ಇಪ್ಪತ್ತು ಕಡ್ಡಿ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿದರು. "ಬೆಳಿಗ್ಗೆ ಕೊಯ್ದದ್ದನ್ನು ಸಂಜೆಯೊಳಗೆ ಕಟ್ಟಬೇಕು" ಎಂದು ನರ್ಸರಿಗೆ ಓಡಿದರು. ನಾನೂ ಹಿಂದೆಯೇ ಹೋದೆ.

ಆ ಎರಡು ಗಂಟೆ ನಾನು ನೋಡಿದ್ದನ್ನು ಸ್ವಲ್ಪ ನಿಧಾನವಾಗಿ ಬರೆಯಲು ಬಿಡಿ. ಬೇರುಸಸಿ ಎಂದರೆ ಯಾವುದೋ ಊರ ಹಲಸಿನ ಬೀಜದಿಂದ ಎದ್ದ ಎಳೆಯ ಗಿಡ. ಅದರ ತಲೆಯನ್ನು ಒಂದೇ ಏಟಿಗೆ ಕತ್ತರಿಸಿದರು. ತಕ್ಷಣ ಬಿಳಿ ಹಾಲು ಒಸರಿತು. ಮಾವಿಗಿಂತ ಹಲಸು ಕಷ್ಟವಾಗುವುದು ಈ ಮೇಣದಿಂದಲೇ, ಎರಡರ ನಡುವೆ ಅದು ನಿಂತರೆ ಕೂಡುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರು, ಮತ್ತೆ ಬಂತು, ಮತ್ತೆ ಒರೆಸಿದರು. ಅವಸರ ಮಾಡಲಿಲ್ಲ. ಹಾಲು ನಿಂತ ಮೇಲೆ ಕಾಂಡದ ನಡುವೆ ಎರಡು ಬೆರಳಗಲ ಕೆಳಗೆ ಸೀಳಿದರು. ಆಮೇಲೆ ನಮ್ಮ ಮರದ ಕಡ್ಡಿ ತೆಗೆದು ಅದರ ಬುಡವನ್ನು ಎರಡೂ ಕಡೆಯಿಂದ ಬೆಣೆಯ ಹಾಗೆ ಕೆತ್ತಿದರು. ಒಂದು ಕಡೆ ಒಂದೇ ಗೀರು. ಚಾಕು ಎರಡು ಸಲ ಹಾಯ್ದರೆ ಮೇಲ್ಮೈ ಏರುಪೇರಾಗಿ ನಡುವೆ ಗಾಳಿ ನಿಲ್ಲುತ್ತದಂತೆ. ಬೆಣೆಯನ್ನು ಸೀಳಿಗೆ ಇಳಿಸಿ ಬೆಳಕಿಗೆ ಹಿಡಿದು ತೋರಿಸಿದರು.

"ಇಲ್ಲಿ ನೋಡಿ. ತೊಗಟೆಗೆ ತೊಗಟೆ ಕೂಡುವುದಲ್ಲ. ತೊಗಟೆಯ ಅಡಿಯಲ್ಲಿ ಹಸಿರಾಗಿ ಒಂದು ಎಳೆ ಕಾಣುತ್ತದಲ್ಲ, ಅದಕ್ಕೆ ಅದು ಮುಟ್ಟಬೇಕು. ಕಡ್ಡಿ ಸಪೂರ ಇದ್ದರೆ ಎರಡೂ ಬದಿ ಕೂಡಿಸಲು ಹೋಗಬಾರದು. ಒಂದು ಬದಿ ಸರಿಯಾಗಿ ಕೂಡಿದರೆ ಸಾಕು, ಬದುಕುತ್ತದೆ."

ನಾನು ಕನ್ನಡಕ ಹಾಕಿ ಬಗ್ಗಿ ನೋಡಿದೆ. ಹೌದು, ಕೂದಲಿಗಿಂತ ಸ್ವಲ್ಪ ದಪ್ಪದ, ಒದ್ದೆಯಾದ ಒಂದು ಹಸಿರು ಗೆರೆ. ಜೀವ ಇರುವುದು ಅಷ್ಟರಲ್ಲೇ. ಹೊರಗಿನ ತೊಗಟೆ ಎಷ್ಟು ಚೆನ್ನಾಗಿ ಹೊಂದಿದರೂ ಒಳಗೆ ಆ ಗೆರೆ ತಪ್ಪಿದರೆ ಕಡ್ಡಿ ಒಣಗುತ್ತದೆ. ಮೂವತ್ತು ವರ್ಷ ನಾನು ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಕ್ರೈಸ್ತ ಸಭೆ ಎಂದರೇನೆಂದು ಪಾಠ ಮಾಡಿದ್ದೇನೆ. ಭಾಷೆ ಹೊಂದುವುದು, ಸೀರೆ ಉಡುವ ರೀತಿ ಹೊಂದುವುದು, ಹಾಡಿನ ರಾಗ ಹೊಂದುವುದು ಇವೆಲ್ಲ ತೊಗಟೆ. ನನ್ನ ಮೊದಲ ಮಗು ಉಳಿಯದೆ ಹೋದಾಗ ಸ್ತ್ರೀ ಸಂಘದಲ್ಲಿ ನನ್ನ ಮಾತಿಗೆ ನಗುತ್ತಿದ್ದವರಲ್ಲೇ ಒಬ್ಬರು ಹದಿನೈದು ದಿನ ಬೆಳಿಗ್ಗೆ ಗಂಜಿ ತಂದು ಪಕ್ಕದಲ್ಲಿ ಕೂತರು. ಏನೂ ಮಾತಾಡಲಿಲ್ಲ. ಅವರಿಗೂ ಹಾಗೆಯೇ ಒಂದು ಮಗು ಹೋಗಿತ್ತೆಂದು ಆಮೇಲೆ ತಿಳಿಯಿತು. ನಾನು ಈ ಸಭೆಗೆ ಕೂಡಿಕೊಂಡದ್ದು ಆ ಹದಿನೈದು ದಿನಗಳಲ್ಲಿ. ಎರಡೂ ಕಡೆ ಗಾಯವಾಗದೆ ಕಸಿ ಇಲ್ಲ ಎನ್ನುವುದನ್ನು ನಾನು ಚರ್ಚಿನ ಯಾವ ಪ್ರಸಂಗದಲ್ಲೂ ಇಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ.

ಸೀಳಿಗೆ ಕೂರಿಸಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ, ಮೇಲೆ ಐಸ್‌ಕ್ಯಾಂಡಿಯ ಉದ್ದ ತೊಟ್ಟೆಯನ್ನು ಟೊಪ್ಪಿಯಂತೆ ಇಳಿಸಿ ಕಟ್ಟಿದರು. ಒಳಗಿನ ತೇವ ಆರಬಾರದು. ಇಪ್ಪತ್ತೂ ಮುಗಿದಾಗ ಐದೂವರೆ. "ಎಷ್ಟು ಬದುಕುತ್ತದೆ?" ಎಂದು ಕೇಳಿದೆ. "ಕಟ್ಟುವುದು ನನ್ನ ಕೆಲಸ, ಹಿಡಿಯುವುದು ಅದರ ಕೆಲಸ" ಎಂದರು. ಪೌಲನು ಕೊರಿಂಥದವರಿಗೆ ಬರೆದದ್ದೂ ಇದನ್ನೇ ಅಲ್ಲವೇ. ತಾನು ನೆಟ್ಟೆ, ಅಪೊಲ್ಲೋಸನು ನೀರು ಹೊಯ್ದನು, ಬೆಳೆಸಿದವನು ದೇವರು ಎಂದು. ಕಸಿಯಣ್ಣ ನಮ್ಮ ಚರ್ಚಿನವರಲ್ಲ, ಅವರಿಗೆ ಆ ಪತ್ರಿಕೆ ಗೊತ್ತಿರಲಿಕ್ಕಿಲ್ಲ. ಆದರೆ ಆ ಮಾತಿನ ಅರ್ಥ ಅವರ ಕೈಯಲ್ಲಿತ್ತು.

ಒಂದು ತಿಂಗಳ ಹೊತ್ತಿಗೆ ಟೊಪ್ಪಿಯೊಳಗೆ ಚಿಗುರು ಕಂಡಿತು. ಇಪ್ಪತ್ತರಲ್ಲಿ ಹನ್ನೆರಡು ಹಿಡಿದವು. ಹಲಸಿಗೆ ಇದು ಒಳ್ಳೆಯ ಲೆಕ್ಕವೇ ಎಂದು ಈಗ ನನಗೆ ಗೊತ್ತು. ಆಗ ಎಂಟು ಹೋಯಿತಲ್ಲ ಎಂದು ಅತ್ತಿದ್ದೆ. ಕಡ್ಡಿಯೊಂದಕ್ಕೆ 60 ರೂಪಾಯಿಯಂತೆ ತೆಗೆದುಕೊಂಡರು, ಅದೂ ಬದುಕಿದ ಹನ್ನೆರಡಕ್ಕೆ ಮಾತ್ರ. ಮನೆಗೆ ಎರಡು ಸಲ ಬಂದದ್ದಕ್ಕೆ 500. ಮರ ಕಡಿದವರಿಗೆ ನಾವು ಕೊಟ್ಟದ್ದು ಇದರ ಎಷ್ಟೋ ಪಟ್ಟು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಲೇಬೇಕು, ಗಿಡ ತರುವವರಿಗೆ ಉಪಯೋಗವಾಗುತ್ತದೆ. ಗಿಡ ಕೊಡುವಾಗ ಅವರು "ಪಟ್ಟಿ ಇನ್ನೂ ಇದೆ, ಎರಡು ತಿಂಗಳು ಬಿಟ್ಟು ಬ್ಲೇಡಿನಿಂದ ಹಿಂಬದಿಯಲ್ಲಿ ಸೀಳಿ ತೆಗೆಯಿರಿ" ಎಂದಿದ್ದರು. ನಾನು ಹೆದರಿ ಎರಡು ಗಿಡಕ್ಕೆ ತೆಗೆಯದೆ ಬಿಟ್ಟೆ. ಇನ್ನಷ್ಟು ಗಟ್ಟಿಯಾಗಲಿ ಎಂಬ ಆಸೆ. ಕಾಂಡ ದಪ್ಪವಾಗುತ್ತ ಬಂತು, ಪಟ್ಟಿ ಬೆಳೆಯಲಿಲ್ಲ. ಪಟ್ಟಿಯ ಮೇಲೂ ಕೆಳಗೂ ಕಾಂಡ ಉಬ್ಬಿ ನಡುವೆ ಕತ್ತು ಹಿಸುಕಿದ ಹಾಗೆ ಆಯಿತು. ಒಂದು ಗಿಡ ಗಾಳಿಗೆ ಅಲ್ಲೇ ಮುರಿಯಿತು. ಕೂಡಿಸಿದ ಪಟ್ಟಿಯೇ ಕೊಲ್ಲಬಲ್ಲದು. ನಮ್ಮ ದೃಢೀಕರಣದ, ಅಂದರೆ ಸಭೆಯ ಪೂರ್ಣ ಸದಸ್ಯರಾಗುವ ಮೊದಲಿನ, ತರಗತಿಗೆ ಬರುವ ಮಕ್ಕಳ ವಿಷಯದಲ್ಲಿ ನಾನು ಎಷ್ಟು ಕಡೆ ಈ ತಪ್ಪು ಮಾಡಿದ್ದೇನೆ ಎಂದು ಆ ಮುರಿದ ಗಿಡ ಹಿಡಿದುಕೊಂಡು ಯೋಚಿಸಿದೆ. ಹದಿನಾಲ್ಕಕ್ಕೆ ಬೇಕಾದ ಬಿಗಿ ಇಪ್ಪತ್ತೆರಡಕ್ಕೆ ಬೇಡ. ಈಚೆಗೆ ನಾನು ಕೆಲವರಿಗೆ ಭಾನುವಾರ ಸಂಜೆ ಫೋನ್ ಮಾಡಿ "ಬೆಳಿಗ್ಗೆ ಯಾಕೆ ಬರಲಿಲ್ಲ" ಎಂದು ಕೇಳುವುದನ್ನು ಬಿಟ್ಟಿದ್ದೇನೆ, ಊಟಕ್ಕೆ ಕರೆಯುತ್ತೇನೆ.

ಇನ್ನೊಂದು, ಕಸಿಯ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಕಂಡ ಕೂಡಲೇ ಉಗುರಿನಿಂದ ಚಿವುಟಬೇಕು. ಬಿಟ್ಟರೆ ಬೇರಿನ ಬಲವೆಲ್ಲ ಅದಕ್ಕೇ ಹೋಗಿ ಮೇಲಿನ ಕಡ್ಡಿ ಸೊರಗುತ್ತದೆ. ಎಷ್ಟೋ ಮನೆಗಳಲ್ಲಿ "ಕಸಿ ಗಿಡ ತಂದೆವು, ಹಣ್ಣು ಬೇರೆಯೇ ಬಂತು" ಎನ್ನುತ್ತಾರಲ್ಲ, ಬಹಳ ಸಲ ಕಾರಣ ಇದೇ. ಇನ್ನು ಕೆಲವು ಸಲ ಕಸಿಯೇ ಆಗಿರುವುದಿಲ್ಲ. ಇವರ ಬಳಿ ಹೋಗುವ ಮುಂಚೆ ಜಾತ್ರೆಯಲ್ಲಿ ಟೆಂಪೋದಲ್ಲಿ ಮಾರುವವರಿಂದ ಒಂದು ಮಾವಿನ ಗಿಡ ತಂದಿದ್ದೆ. ಬೀಜದ ಸಸಿಗೆ ಸುಮ್ಮನೆ ಪ್ಲಾಸ್ಟಿಕ್ ಸುತ್ತಿದ್ದರು. ಬಿಚ್ಚಿದರೆ ಒಳಗೆ ಗಂಟೂ ಇಲ್ಲ, ಗಾಯವೂ ಇಲ್ಲ. ಗಿಡ ಕೊಳ್ಳುವಾಗ ಕಸಿಯ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ. ಕೂಡಿದ ಗುರುತು ಓರೆಯಾಗಿ ಕೈಗೆ ಸಿಗಬೇಕು.

ಕಸಿಯಣ್ಣನ ಕೈಯ ಇನ್ನೊಂದು ಕೆಲಸ ನಮ್ಮ ಚರ್ಚಿನ ಅಂಗಳದಲ್ಲಿದೆ. ಅಲ್ಲಿ ಒಂದು ಕಾಟುಮಾವಿನ ಮರ. ಹುಳಿ ಹಣ್ಣು, ನಾರು ಜಾಸ್ತಿ, ಬಿದ್ದು ಹಂಚು ಒಡೆಯುತ್ತಿತ್ತು. ಯುವಕರು ಕಡಿಯಲು ಹೊರಟಿದ್ದರು. ಇವರು ಬಂದು ನೋಡಿ ಬೇರು ಚೆನ್ನಾಗಿದೆ ಎಂದು, ಎದೆಯೆತ್ತರಕ್ಕೆ ಕತ್ತರಿಸಿ, ಎದ್ದ ಚಿಗುರುಗಳಿಗೆ ಮುಂಡಪ್ಪ ಮಾವಿನ ಕಡ್ಡಿ ಕಟ್ಟಿದರು. ಆ ದಿನ ಕೆಲಸ ಮುಗಿಸಿ ಬಾವಿಕಟ್ಟೆಯಲ್ಲಿ ಚಹಾ ಕುಡಿಯುವಾಗ ನಾನು ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯದ ಮಾತು ತೆಗೆದೆ. ನಮ್ಮ ಕನ್ನಡ ಸತ್ಯವೇದದಲ್ಲಿ ಆಲಿವ್‌ಗೆ ಎಣ್ಣೆಮರ ಎನ್ನುತ್ತಾರೆ. ಕಾಡೆಣ್ಣೆಮರದ ಕೊಂಬೆಯನ್ನು ಕಡಿದು ಊರೆಣ್ಣೆಮರಕ್ಕೆ ಕಸಿ ಕಟ್ಟಿದ ಹಾಗೆ ನೀವು ಸೇರಿದ್ದೀರಿ ಎಂದು ಪೌಲ ಹೇಳುವುದನ್ನು ಅವರಿಗೆ ವಿವರಿಸಿದೆ. ಅವರು ಲೋಟ ಕೆಳಗಿಟ್ಟರು.

"ಅದು ತಿರುಗಾಮುರುಗಾ ಆಯ್ತಲ್ಲ ಟೀಚರ್. ಕಾಡಿನದ್ದು ಕೆಳಗೆ, ಊರಿನದ್ದು ಮೇಲೆ. ಕಾಡು ಕೊಂಬೆಯನ್ನು ಒಳ್ಳೆಯ ಮರಕ್ಕೆ ಕಟ್ಟಿದರೆ ಕಾಡು ಹಣ್ಣೇ ಬರುವುದು. ಬೇರು ಯಾವುದಾದರೂ ಇರಲಿ, ಕೊಂಬೆ ತನ್ನ ಹಣ್ಣನ್ನೇ ಬಿಡುತ್ತದೆ."

ಪೌಲನಿಗೂ ಅದು ಗೊತ್ತಿತ್ತು, ಸ್ವಭಾವಕ್ಕೆ ವಿರುದ್ಧವಾಗಿ ಎಂದು ಅವನೇ ಬರೆಯುತ್ತಾನೆ ಎಂದೆ. ಅವರು ಸ್ವಲ್ಪ ಹೊತ್ತು ಮಾವಿನ ಮೋಟನ್ನೇ ನೋಡಿದರು. "ಹಾಗಾದರೆ ಅದು ನಮ್ಮಂಥವರ ಕೈಯ ಕಸಿ ಅಲ್ಲ" ಎಂದರು.

ಎಷ್ಟೋ ಪ್ರಸಂಗ ಕೇಳಿದ್ದೇನೆ, ಆ ಅಧ್ಯಾಯ ನನಗೆ ತೆರೆದದ್ದು ಅಲ್ಲಿ. ತೋಟಗಾರನ ಲೆಕ್ಕದಲ್ಲಿ ಆ ಕಸಿಗೆ ಅರ್ಥವಿಲ್ಲ. ಒಳ್ಳೆಯ ಬೇರನ್ನು ಯಾರೂ ಕಾಡುಕೊಂಬೆಗೆ ಕೊಡುವುದಿಲ್ಲ. ಕೊಟ್ಟಿದ್ದಾರೆ ಎನ್ನುವುದೇ ಸುವಾರ್ತೆ. ಅದಕ್ಕೇ ಅಲ್ಲಿ ಪೌಲನ ಎಚ್ಚರಿಕೆ: ಹೊಗಳಿಕೊಳ್ಳಬೇಡ, ಬೇರನ್ನು ನೀನು ಹೊತ್ತಿಲ್ಲ, ಬೇರು ನಿನ್ನನ್ನು ಹೊತ್ತಿದೆ. 1841 ಆಗಲಿ 1845 ಆಗಲಿ.

ನಮ್ಮ ಸೋದರಮಾವನ ದ್ರಾಕ್ಷಿ ತೋಟ ವಿಜಯಪುರದ ತಿಕೋಟಾ ಕಡೆ ಇತ್ತು. ಅಲ್ಲಿಯೂ ಮೊದಲು ನೆಡುವುದು ಡಾಗ್‌ರಿಡ್ಜ್ ಎಂಬ ಕಾಡು ದ್ರಾಕ್ಷಿಯ ಬೇರು, ಉಪ್ಪು ಮಣ್ಣನ್ನೂ ಬರವನ್ನೂ ತಡೆಯುತ್ತದೆಂದು. ಆಮೇಲೆ ಅದರ ಮೇಲೆ ಥಾಮ್ಸನ್ ತಳಿಯ ಕಡ್ಡಿ. ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವುದು, ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು. ಏಪ್ರಿಲ್‌ನಲ್ಲಿ ಕತ್ತರಿಸುವುದು ಕೊಂಬೆಗಾಗಿ, ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ. ಚಿಕ್ಕವಳಿದ್ದಾಗ ಏಪ್ರಿಲ್ ಚಾಟ್ನಿ ಆದ ತೋಟ ನೋಡಿ ಬೆಂಕಿ ಬಿದ್ದಿದೆಯೆಂದು ಹೆದರಿದ್ದೆ. ಯೋಹಾನನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಹಣ್ಣು ಕೊಡುವ ಕೊಂಬೆಯನ್ನೂ ತಂದೆ ಶುದ್ಧಿ ಮಾಡುತ್ತಾನೆ ಎಂಬ ಮಾತು ಓದುವಾಗಲೆಲ್ಲ ನನಗೆ ಆ ಬೋಳು ಚಪ್ಪರವೇ ಕಣ್ಣಿಗೆ ಬರುತ್ತದೆ. ಮಾವನ ತೋಟ ಈಗಿಲ್ಲ, ಮಾರಿದರು.

ನರ್ಸರಿಯ ಕೊರತೆಗಳನ್ನೂ ಬರೆಯಬೇಕು. ಹೇಳಿದ ದಿನ ಬರುವುದಿಲ್ಲ. ಶುಕ್ರವಾರ ಎಂದರೆ ಮುಂದಿನ ಮಂಗಳವಾರ ಎಂದು ಇಟ್ಟುಕೊಳ್ಳಿ. ಎಲೆ ಕತ್ತರಿಸಿ ಬಿಟ್ಟ ಕಡ್ಡಿ ಅಷ್ಟು ದಿನ ಕಾಯುವುದಿಲ್ಲ, ಮೊಗ್ಗು ಒಡೆದುಬಿಡುತ್ತದೆ, ಆದ್ದರಿಂದ ನೀವೇ ಬೆನ್ನು ಹತ್ತಬೇಕು. ಬಿಲ್ ಕೊಡುವುದಿಲ್ಲ. 2021ರಲ್ಲಿ ತಂದ ಎರಡು ಗಿಡಗಳ ತೊಟ್ಟೆಯಲ್ಲಿ ಬರೀ ಜೇಡಿಮಣ್ಣು, ಇಟ್ಟಿಗೆಯ ಹಾಗೆ ಗಟ್ಟಿಯಾಗಿ ಬೇರು ಬಿಡಲಿಲ್ಲ. ಹೇಳಿದಾಗ ಒಪ್ಪಿಕೊಂಡು ಬೇರೆ ಗಿಡ ಕೊಟ್ಟರು. ಹೆಣ್ಣು ಜಾಯಿಕಾಯಿ ಎಂದು ತಂದದ್ದು ಗಂಡಾಯಿತು. ಕೆಲಸದವರು ಸಾಲು ತಪ್ಪಿಸಿದ್ದು ಕಾರಣವಂತೆ. ಐದು ವರ್ಷ ನೀರು ಹಾಕಿದ ನನಗೆ ಅದು ಸಣ್ಣ ನಷ್ಟವಲ್ಲ.

ಕರಿಮೆಣಸಿನ ವಿಷಯ ಚಿಕ್ಕದಾಗಿ. ಬ್ರೆಜಿಲ್ ಹಿಪ್ಪಲಿಯ ಬೇರಿಗೆ ಪಣಿಯೂರು ತಳಿಯ ಮೆಣಸು ಕಟ್ಟಿದ ಗಿಡ ನಾಲ್ಕು ತಂದೆ. ಸೊರಗು ರೋಗ ತಡೆಯುತ್ತದೆ ಎನ್ನುವುದು ನಿಜ. ಪಕ್ಕದ ಮನೆಯ ಸಾಮಾನ್ಯ ಬಳ್ಳಿಗಳು ಒಂದು ಮಳೆಗಾಲಕ್ಕೆ ಕೊಳೆತು ಹೋದವು, ನಮ್ಮದು ನಿಂತಿತು. ಆದರೆ ಹಿಪ್ಪಲಿ ಜವುಗಿನ ಗಿಡ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ತಪ್ಪಿಸಿದರೆ ಕ್ಷಮಿಸುವುದಿಲ್ಲ. ನಾನು ಬೆಟಗೇರಿಗೆ ಹೋಗಿ ಬರುವಷ್ಟರಲ್ಲಿ ಎರಡು ಒಣಗಿದ್ದವು. ನೀರಿಲ್ಲದವರು ತರಬೇಡಿ.

ಹನ್ನೆರಡು ಹಲಸಿನ ಗಿಡಗಳ ಲೆಕ್ಕ ಹೇಳಿ ಮುಗಿಸುತ್ತೇನೆ. ಪಟ್ಟಿಯಿಂದ ಮುರಿದದ್ದು ಒಂದು. ಮೂರನ್ನು ನಮ್ಮ ಜಾಗದಲ್ಲೇ 2020ರ ಜೂನ್‌ನಲ್ಲಿ ನೆಟ್ಟೆವು. ಐದು ನೆಂಟರಿಗೆ, ಅದರಲ್ಲಿ ಒಂದು ಬೆಟಗೇರಿಗೂ ಹೋಯಿತು. ಅಲ್ಲಿಯ ಕಪ್ಪು ಮಣ್ಣಿನಲ್ಲಿ ಬರಲಾರದು ಎಂದರೂ ತಮ್ಮ ಕೇಳಲಿಲ್ಲ, ಅದು ಬರಲೂ ಇಲ್ಲ. ಉಳಿದ ಮೂರನ್ನು ದೊಡ್ಡ ಚಟ್ಟಿಯಲ್ಲಿ ಬೆಳೆಸಿ ಚರ್ಚಿನ ಬೆಳೆಹಬ್ಬಕ್ಕೆ ಕೊಟ್ಟೆ. ನಮ್ಮಲ್ಲಿ ಬೆಳೆಹಬ್ಬದ ದಿನ ಆರಾಧನೆಯಾದ ಮೇಲೆ ಏಲಂ. ತೆಂಗಿನಕಾಯಿ, ಬಾಳೆಗೊನೆ, ಬಸಳೆ ಕಟ್ಟು, ಊರ ಕೋಳಿ, ಹೊಸ ಅಕ್ಕಿ, ಯಾರೋ ಮಾಡಿ ತಂದ ಕೇಕ್. ಒಂದು ಲಿಂಬೆಹಣ್ಣು ಐದು ಸಲ ಏಲಂ ಆಗಿ ಮತ್ತೆ ಟೇಬಲ್ಲಿಗೇ ಬರುತ್ತದೆ. ಎರಡು ಹಲಸಿನ ಗಿಡ ಹಳೆಯ ಮನೆತನದವರು ಹಿಡಿದರು.

ಮೂರನೆಯದಕ್ಕೆ ಹಿಂದಿನ ಬೆಂಚಿನಿಂದ ಒಂದು ಕೂಗು. "ಮುನ್ನೂರು ರೀ!"

ಬಾದಾಮಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬ. ಗಂಡ, ಹೆಂಡತಿ, ಎರಡು ಮಕ್ಕಳು. ಆಗ ನಮ್ಮ ಸಭೆಗೆ ಬರಲು ಶುರುಮಾಡಿ ಒಂದು ವರ್ಷ, ಯಾವಾಗಲೂ ಕೊನೆಯ ಬೆಂಚು, ಆರಾಧನೆ ಮುಗಿದ ಕೂಡಲೇ ಹೊರಟುಬಿಡುತ್ತಿದ್ದರು. ಯಾರೋ ಹಿಂದೆ ತಿರುಗಿ ನೋಡಿದರು, ಯಾರೋ ನಕ್ಕರು. ಆ ನಗು ನನಗೆ ಗೊತ್ತು. ಅತ್ತೆ ನನ್ನ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿದ್ದರು, ಅದು ಅವರ ಕೊನೆಯ ಬೆಳೆಹಬ್ಬ. ಅವರು ನನ್ನ ಕೈ ಒತ್ತಿ, "ಮೇಲೆ ಯಾರನ್ನೂ ಕೂಗಲು ಬಿಡಬೇಡ" ಎಂದರು. ನಾನು ಎದ್ದು ನಿಂತೆ. ಏಲಂ ಕರೆಯುವವರು ನನ್ನ ಮುಖ ನೋಡಿದರು, ಮೂರು ಸಲ ಕರೆದು ಗಿಡ ಅವರಿಗೇ ಎಂದರು.

ಆಮೇಲೆ ಆ ತಾಯಿ ಚಟ್ಟಿ ಎತ್ತಿಕೊಂಡು ನನ್ನ ಬಳಿ ಬಂದು, "ಅಕ್ಕಾರ, ತೊಗೊಂಡೇನೋ ತೊಗೊಂಡ್ವಿ, ಹಚ್ಚಾಕ ನಮಗ ಜಾಗಾ ಎಲ್ಲೈತ್ರಿ?" ಎಂದರು. ಶೆಡ್ಡಿನಲ್ಲಿ ಇರುವವರು. ಏಲಂ ಹಿಡಿಯುವಾಗ ಅದನ್ನು ಯೋಚಿಸಿರಲಿಲ್ಲ. ಎಷ್ಟೋ ವರ್ಷದ ಮೇಲೆ ಈ ಅಂಗಳದಲ್ಲಿ ನನ್ನ ಭಾಷೆ ನನಗೇ ಕೇಳಿಸಿತು. ಚರ್ಚಿನ ಪಾದ್ರಿ ಅಯ್ಯನವರನ್ನು ಕೇಳಿದೆವು. ಬಾವಿಯ ಪಕ್ಕ, ಮುಂಡಪ್ಪ ಮಾವಿನಿಂದ ಇಪ್ಪತ್ತೈದು ಅಡಿ ಬಿಟ್ಟು ಹೊಂಡ ತೆಗೆಯಿರಿ ಎಂದರು. ಅವರ ದೊಡ್ಡ ಹುಡುಗ ಗಂಟಿನ ಕೆಳಗಿನ ಚಿಗುರು ಚಿವುಟುವುದನ್ನು ನನ್ನಿಂದ ಕಲಿತ. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಒಂದು ಕೊಡ ನೀರು ಅವನದ್ದು. ಹಾಗಾಗಿ ಆ ಮನೆಯವರು ಈಗ ಬೇಗ ಹೊರಡುವುದಿಲ್ಲ.

ನಮ್ಮ ಮನೆಯ ಗಿಡದಲ್ಲಿ 2024ರಲ್ಲಿ ಮೊದಲ ಕಾಯಿ, ಎರಡೇ. ಅತ್ತೆ ಹೋಗಿ ಎರಡು ವರ್ಷವಾಗಿತ್ತು. ಕೊಯ್ದಾಗ ಒಳಗೆ ಅದೇ ಕೆಂಪು. ಈ ಜೂನ್‌ನಲ್ಲಿ ಚರ್ಚಿನ ಗಿಡದಿಂದ ಹತ್ತು ಕಡ್ಡಿ ತೆಗೆಯಲು ಕಸಿಯಣ್ಣನಿಗೆ ಹೇಳಿದ್ದೇನೆ, ಶುಕ್ರವಾರ ಬರುತ್ತೇನೆ ಎಂದಿದ್ದಾರೆ. ಕಡ್ಡಿಗೆ ಈಗ 80 ರೂಪಾಯಿ. ಬೇಕಾದವರು ಮೇ ತಿಂಗಳ ಮೊದಲ ವಾರದಲ್ಲೇ ಹೋಗಿ ಹೇಳಿ ಬನ್ನಿ. ಮಳೆ ಶುರುವಾದ ಮೇಲೆ ಅವರು ಫೋನ್ ಎತ್ತುವುದಿಲ್ಲ.